ಡಬ್ಬಗಳ್ಳಿ ಹಣ್ಣಿನ ಪೂರ್ವಾಪರ

ಘಣಸೋಲಿಯ ನಮ್ಮ ಸೊಸೈಟಿಯ ಮಹಿಳೆಯರ ವಾಟ್ಸಾಪ್ ಗುಂಪಿನಲ್ಲಿ ವರ್ಷಕ್ಕೆರಡು ಸಲವಾದರೂ ಒಂದು ಸಂದೇಶ ಸುತ್ತುತ್ತದೆ. ಕಡುಗೆಂಪು ರಸದ ಬಾಟಲಿಯ ಚಿತ್ರ, ಕೆಳಗೆ ಹಿಮೋಗ್ಲೋಬಿನ್ ಏರಿಸುವ ಭರವಸೆ. ಕಚ್ಛ್, ಸೌರಾಷ್ಟ್ರದ ಕಡೆಯವರು ಇದನ್ನು 'ಫಿಂಡಲಾ' ಎನ್ನುತ್ತಾರೆ, ಗಿಡಕ್ಕೆ 'ಹಾಥಲಾ ಥೋರ್'. ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಅದು ನಮ್ಮ ಪಾಪಾಸುಕಳ್ಳಿ! ಉತ್ತರ ಕರ್ನಾಟಕದವರಿಗೆ ಡಬ್ಬಗಳ್ಳಿ, ಇಲ್ಲಿನ ಮರಾಠಿ ನೆರೆಯವರಿಗೆ ಫಡ್ಯಾ ನಿವಡುಂಗ.

ಪಾಪಾಸು ಎಂದರೆ ಚಪ್ಪಲಿ. ಚಪ್ಪಲಿಯ ಅಟ್ಟೆಯಂತೆ ಕಾಣುವ ಆ ದಪ್ಪ 'ಎಲೆ' ನಿಜದಲ್ಲಿ ಗಿಡದ ಕಾಂಡ. ಹೊಲದ ಬೇಲಿಯಲ್ಲಿ ಎಷ್ಟು ಹಳಬನಂತೆ ಕುಳಿತಿದ್ದರೂ ಇದು ಅಮೆರಿಕ ಖಂಡದಿಂದ ಬಂದ ಅತಿಥಿ. ನಮ್ಮ ಹಳೆಯ ವೈದ್ಯಗ್ರಂಥಗಳ 'ಸ್ನುಹಿ' ಬೇರೆ ಜಾತಿ. ಮುರಿದರೆ ಬಿಳಿ ಹಾಲು ಸುರಿಯುವ ಆ ಕಳ್ಳಿಗಳ ಹಾಲು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಡಬ್ಬಗಳ್ಳಿಯಲ್ಲಿ ಹಾಲಿಲ್ಲ, ಲೋಳೆಯಿದೆ. 'ಕಳ್ಳಿ' ಎಂಬ ಒಂದೇ ಹೆಸರಿನಡಿ ಎರಡನ್ನೂ ಕಲಸಿ ಬರೆಯುವ ಮನೆಮದ್ದಿನ ಸಂದೇಶಗಳನ್ನು ನಾನು ಯಾರಿಗೂ ಮುಂದೆ ಕಳಿಸುವುದಿಲ್ಲ.

ಈ ಗಿಡದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಕಣ್ಣಿಟ್ಟದ್ದು ಹಣ್ಣಿಗಾಗಿ ಅಲ್ಲವೇ ಅಲ್ಲ, ಹುಳಕ್ಕಾಗಿ. ಮೆಕ್ಸಿಕೋದಲ್ಲಿ ಈ ಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಎಂಬ ಪುಟ್ಟ ಕೀಟವನ್ನು ಒಣಗಿಸಿ ಅರೆದರೆ ಅಪ್ಪಟ ಕೆಂಪು ಬಣ್ಣ. ಒಂದು ಪೌಂಡ್ ಬಣ್ಣದ ಪುಡಿಗೆ ಸುಮಾರು 70,000 ಹುಳು ಬೇಕಂತೆ. ಬ್ರಿಟಿಷ್ ಅಧಿಕಾರಿಗಳ ಕೆಂಪು ಕೋಟಿಗೆ ಅದೇ ಬಣ್ಣ, ಆದರೆ ವ್ಯಾಪಾರವೆಲ್ಲ ಸ್ಪೇನ್ ಕೈಯಲ್ಲಿ. (ಇಂದಿಗೂ ಕೆಲವು ಲಿಪ್‌ಸ್ಟಿಕ್‌ಗಳಲ್ಲಿ, ಸಿಹಿತಿನಿಸುಗಳಲ್ಲಿ ಇದು ಕಾರ್ಮೈನ್ ಎಂಬ ಹೆಸರಿನಲ್ಲಿದೆ. ಪಟ್ಟಿಯಲ್ಲಿ ಇ120 ಎಂದಿದ್ದರೆ ಅದೇ.)

ಮದರಾಸಿನಲ್ಲಿ ಕಂಪನಿಯ ದೊಡ್ಡ ವೈದ್ಯಾಧಿಕಾರಿಯಾಗಿದ್ದ ಡಾ. ಜೇಮ್ಸ್ ಆಂಡರ್ಸನ್ 1780ರ ದಶಕದ ಕೊನೆಗೆ ಸೈದಾಪೇಟೆಯಲ್ಲಿ ಕಳ್ಳಿಯ ತೋಟವನ್ನೇ ಮಾಡಿದ. ತೋಟ ಮುಚ್ಚಿದ ಮೇಲೆ, 1800ರ ಸುಮಾರಿಗೆ, ಅಲ್ಲಿನ ಗಿಡಗಳು ಬೆಂಗಳೂರಿನ ಲಾಲ್‌ಬಾಗಿಗೆ ಬಂದವು. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಆಂಡರ್ಸನ್ನನ ಇನ್ನೊಂದು ಯೋಚನೆ. ತಿಂಗಳುಗಟ್ಟಲೆ ಬಾಡದೆ ಇರುವ ಈ ಗಿಡ ಹಡಗಿನವರ ಸ್ಕರ್ವಿ ರೋಗಕ್ಕೆ ಒಳ್ಳೆಯ ಆಹಾರ ಎಂದು ಆತ ವಾದಿಸಿದ್ದ. ವಿಟಮಿನ್ ಸಿ ಎಂಬ ಹೆಸರು ಹುಟ್ಟುವುದಕ್ಕೆ ನೂರು ವರ್ಷಕ್ಕೂ ಹಿಂದಿನ ಮಾತಿದು.

ಬಣ್ಣದ ಕನಸು ಮಾತ್ರ ಕೆಟ್ಟಿತು. 1795ರಲ್ಲಿ ಬ್ರೆಜಿಲ್‌ನಿಂದ ಬಂಗಾಳಕ್ಕೆ ತಂದ ಹುಳು ಅಸಲಿ ಕೊಚಿನೀಲ್ ಆಗಿರದೆ ಅದರ ಕಾಡು ಸೋದರಸಂಬಂಧಿಯಾಗಿತ್ತು. ಬಣ್ಣ ಕಳಪೆ, ಹಸಿವು ವಿಪರೀತ. ಉತ್ತರದಲ್ಲಿ ಒಂದು ಜಾತಿಯ ಕಳ್ಳಿಯನ್ನೇ ತಿಂದು ಮುಗಿಸಿತು. ಅದನ್ನು ಕಂಡು 1836-38ರಲ್ಲಿ ದಕ್ಷಿಣಕ್ಕೂ ಬೇಕೆಂದೇ ಅದೇ ಹುಳುವನ್ನು ತಂದು ಬಿಟ್ಟರು. ಕೀಟದಿಂದ ಕಳೆ ನಿಯಂತ್ರಿಸಿದ ಜಗತ್ತಿನ ಮೊದಲ ಉದಾಹರಣೆಗಳಲ್ಲಿ ಇದೊಂದು. ಆದರೆ ಆ ಹುಳು ಮುಟ್ಟದ ಇನ್ನೊಂದು ಜಾತಿ ದಕ್ಷಿಣದ ಹೊಲ, ಗೋಮಾಳಗಳಲ್ಲಿ ಹಬ್ಬಿತು. 1926ರಲ್ಲಿ ಸಿಲೋನಿನಿಂದ ಬೇರೊಂದು ಕೊಚಿನೀಲ್ ಜಾತಿ ಬಂತು. ಐದಾರು ವರ್ಷಗಳಲ್ಲಿ ಸುಮಾರು 40,000 ಹೆಕ್ಟೇರ್ ಕಳ್ಳಿ ಮಾಯ!

ರೈತರಿಗೆ ಅದು ದೊಡ್ಡ ಉಪಕಾರವೇ. ಆದರೆ ಬೇಲಿಯ ಜೊತೆಗೆ ಹಣ್ಣೂ ಹೋಯಿತು. ಗದಗ ಕಡೆಯ ನಮ್ಮ ಅಜ್ಜಿ, "ಹಣ್ಣ ತಿಂದ್ರ ನಾಲಿಗಿ ಕೆಂಪಗ ಆಗತಿತ್ತವಾ, ಎಲಿ ಅಡಕಿ ಬ್ಯಾಡ" ಎನ್ನುತ್ತಿದ್ದರು. ಅಮ್ಮ ಒಂದೆರಡು ಸಲ ತಿಂದಿದ್ದಾರೆ. ನಾನು ತಿಂದ ಮೊದಲ ಕಳ್ಳಿ ಹಣ್ಣು ಘಣಸೋಲಿ ಸ್ಟೇಷನ್ ಹೊರಗಿನ ಗಾಡಿಯ ಡ್ರ್ಯಾಗನ್ ಫ್ರೂಟ್. ಅದೂ ಕಳ್ಳಿಯ ಕುಟುಂಬವೇ. ಗುಜರಾತ್ ಸರ್ಕಾರ 2021ರಲ್ಲಿ ಅದಕ್ಕೆ 'ಕಮಲಂ' ಎಂದು ಹೆಸರಿಟ್ಟದ್ದು ನಿಮಗೆ ನೆನಪಿರಬಹುದು.

ಇನ್ನು ಆ ಹಿಮೋಗ್ಲೋಬಿನ್ ಪ್ರಶ್ನೆ. ನಮ್ಮಂಥ ಮಹಿಳಾ ವೇದಿಕೆಯಲ್ಲಿ ಇದು ತಮಾಷೆಯ ವಿಷಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಮಹಾರಾಷ್ಟ್ರದಲ್ಲಿ ಶೇ. 54.2, ಕರ್ನಾಟಕದಲ್ಲಿ ಶೇ. 47.8. ದಿನವಿಡೀ ಕೋಡ್ ಬರೆಯುವವಳಿಗೆ ಲೆಕ್ಕ ಹಾಕದೆ ಸಮಾಧಾನವಿಲ್ಲ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ 100 ಗ್ರಾಂ ಹಣ್ಣಿನಲ್ಲಿ ಇರುವ ಕಬ್ಬಿಣಾಂಶ 0.3 ಮಿಲಿಗ್ರಾಂ. ಐಸಿಎಂಆರ್ ಹೇಳುವಂತೆ ನಮಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ. ಅಂದರೆ ನೂರರಲ್ಲಿ ಒಂದು ಪಾಲು! ಕೆಂಪು ಬಣ್ಣಕ್ಕೆ ಕಾರಣ ಕಬ್ಬಿಣವಲ್ಲ, ಬೀಟ್‌ರೂಟಿನಲ್ಲೂ ಇರುವ ಬೀಟಾಲೇನ್ ಎಂಬ ವರ್ಣದ್ರವ್ಯ. ರಕ್ತದ ಬಣ್ಣ ಕಂಡು ರಕ್ತ ಹೆಚ್ಚುತ್ತದೆ ಎಂದುಕೊಳ್ಳುವುದು ಹಳೆಯ ರೂಢಿ.

ಹಾಗೆಂದು ಹಣ್ಣು ಬರಿಗೈಯದಲ್ಲ. ಅದೇ 100 ಗ್ರಾಂನಲ್ಲಿ 14 ಮಿಲಿಗ್ರಾಂ ವಿಟಮಿನ್ ಸಿ, 85 ಮಿಲಿಗ್ರಾಂ ಮೆಗ್ನೀಸಿಯಂ, 3.6 ಗ್ರಾಂ ನಾರು, ಕ್ಯಾಲರಿ ಕೇವಲ 41. ನಮ್ಮ ಮೆಂತ್ಯ ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ವಿಟಮಿನ್ ಸಿ ನೆರವಾಗುತ್ತದೆ. ಆದ್ದರಿಂದ ರೊಟ್ಟಿ, ಕಾಳುಪಲ್ಯದ ಊಟದ ಜೊತೆ ಒಂದು ಲೋಟ ರಸ ಒಳ್ಳೆಯದೇ. ನಿಂಬೆಹಣ್ಣೂ ಅದೇ ಕೆಲಸ ಮಾಡುತ್ತದೆ, ಅಗ್ಗದಲ್ಲಿ. ಡಾಕ್ಟರು ಬರೆದುಕೊಟ್ಟ ಕಬ್ಬಿಣದ ಮಾತ್ರೆ ನಿಲ್ಲಿಸಿ ಬಾಟಲಿ ಹಿಡಿಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಊರಿಗೆ ಹೋದಾಗ ಬೇಲಿಯಲ್ಲಿ ಹಣ್ಣು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ದೊಡ್ಡ ಮುಳ್ಳಿಗಿಂತ, ಕಣ್ಣಿಗೆ ಕಾಣದಷ್ಟು ಸಣ್ಣ ರೋಮದಂಥ ಮುಳ್ಳುಗಳೇ ಹೆಚ್ಚು ಕಾಡುತ್ತವೆ. ಇಕ್ಕಳದಿಂದ ಕಿತ್ತು, ಉರಿಯಲ್ಲಿ ಹೊರಳಿಸಿ ಸುಟ್ಟು, ಸಿಪ್ಪೆ ತೆಗೆದು, ತಿರುಳು ಕಿವುಚಿ ಬಟ್ಟೆಯಲ್ಲಿ ಸೋಸಿ. ಬೀಜ ಕಲ್ಲಿನಷ್ಟು ಗಟ್ಟಿ, ಹೆಚ್ಚು ನುಂಗಿದರೆ ಮಲಬದ್ಧತೆ ಖಚಿತ. ಮರುದಿನ ಮೂತ್ರ ಕೆಂಪಾಗಿ ಕಂಡರೆ ಗಾಬರಿಯಾಗಬೇಡಿ, ಅದೂ ಬೀಟಾಲೇನ್ ಕೆಲಸವೇ ಇರಬಹುದು. ಎರಡು ದಿನವಾದರೂ ಹೋಗದಿದ್ದರೆ ಡಾಕ್ಟರರನ್ನು ಕಾಣಿ.