ಯುದ್ಧಕಾಲದ ಹಾಸ್ಯ ಧಾರಾವಾಹಿ

ನಡೆದುಹೋದ ಯುದ್ಧವೊಂದರ ಕಾಲವನ್ನು ಹಿನ್ನೆಲೆಯಾಗಿಟ್ಟುಕೊಂಡು ನಗೆಗಾಗಿ ಹೆಣೆದ ಟೆಲಿವಿಷನ್ ಕಥಾಸರಣಿಯೇ ಯುದ್ಧಕಾಲದ ಹಾಸ್ಯ ಧಾರಾವಾಹಿ. 1960ರ ದಶಕದಲ್ಲಿ ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಬೆಳೆದ ಈ ಪ್ರಕಾರದಲ್ಲಿ ರಣರಂಗ ಕಾಣುವುದು ಅಪರೂಪ. ಕತೆ ನಡೆಯುವುದು ಅದರ ಹಿಂಬದಿಯಲ್ಲಿ: ಸೈನಿಕರ ಬಿಡಾರದಲ್ಲಿ, ಸೆರೆಶಿಬಿರದಲ್ಲಿ, ಆಸ್ಪತ್ರೆಯ ಗುಡಾರದಲ್ಲಿ, ಪಡಿತರಕ್ಕೆ ಸಾಲು ನಿಂತ ಊರಿನಲ್ಲಿ. ಸಾವು ಹತ್ತಿರದಲ್ಲೇ ಇದ್ದರೂ ಊಟ, ಸಂಬಳ, ರಜೆ, ಮೇಲಧಿಕಾರಿಯ ಕಿರಿಕಿರಿ ಯಾವುದೂ ನಿಲ್ಲುವುದಿಲ್ಲ. ನಗು ಹುಟ್ಟುವುದು ಅಲ್ಲಿಂದಲೇ.

ಬ್ರಿಟನ್ನಿನ 'ಡ್ಯಾಡ್ಸ್ ಆರ್ಮಿ' (1968–1977) ಇದರ ಮಾದರಿ ಕೃತಿ. 1940ರಲ್ಲಿ ಜರ್ಮನ್ನರು ದಾಳಿ ಮಾಡಬಹುದೆಂಬ ಭಯದಿಂದ, ಸೈನ್ಯಕ್ಕೆ ಸೇರಲಾಗದ ಮುದುಕರನ್ನೂ ಹುಡುಗರನ್ನೂ ಸೇರಿಸಿ ಕಟ್ಟಿದ ಊರುಕಾವಲು ಪಡೆಯ ಕತೆ ಅದು. ಬರೆದವರಲ್ಲಿ ಒಬ್ಬರಾದ ಜಿಮ್ಮಿ ಪೆರ್ರಿ ಹರೆಯದಲ್ಲಿ ಅಂಥ ಪಡೆಯಲ್ಲೇ ಇದ್ದವರು. ಬ್ಯಾಂಕಿನ ಮ್ಯಾನೇಜರು ಅಲ್ಲಿ ಕ್ಯಾಪ್ಟನ್, ಕಟುಕನ ಅಂಗಡಿಯ ಮುದುಕ ಕಾರ್ಪೊರಲ್. ಅವರನ್ನು ನೋಡಿ ನಗುವವರಿಗೆ ಅವರ ಧೈರ್ಯದ ಬಗ್ಗೆ ಅನುಮಾನ ಬರುವುದಿಲ್ಲ. ಶತ್ರು ಬಂದರೆ ಇವರು ನಿಜಕ್ಕೂ ಎದುರು ನಿಲ್ಲುತ್ತಿದ್ದರು ಎಂಬ ನಂಬಿಕೆಯೇ 80 ಕಂತುಗಳನ್ನು ಹಿಡಿದು ನಿಲ್ಲಿಸಿದೆ.

ಅಮೆರಿಕದ 'ಹೋಗನ್ಸ್ ಹೀರೋಸ್' (1965–1971) ಜರ್ಮನ್ ಸೆರೆಶಿಬಿರದಲ್ಲಿ ನಡೆಯುತ್ತದೆ. ಶಿಬಿರದ ದಡ್ಡ ಅಧಿಕಾರಿ ಕ್ಲಿಂಕ್‌ನ ಪಾತ್ರ ಮಾಡಿದ ವರ್ನರ್ ಕ್ಲೆಂಪರರ್ ನಾಜಿಗಳಿಂದ ತಪ್ಪಿಸಿಕೊಂಡು ಬಂದ ಯೆಹೂದಿ ಕುಟುಂಬದವರು; ಕ್ಲಿಂಕ್ ಎಂದೂ ಗೆಲ್ಲಬಾರದೆಂಬ ಷರತ್ತಿನ ಮೇಲೆ ಒಪ್ಪಿಕೊಂಡರು. ಸೆರೆಯಾಳಿನ ಪಾತ್ರದ ರಾಬರ್ಟ್ ಕ್ಲಾರಿ ಬುಖೆನ್‌ವಾಲ್ಡ್ ಶಿಬಿರದಿಂದ ಬದುಕಿ ಬಂದವರು. ನಾಜಿಗಳನ್ನು ನಗೆಗೀಡು ಮಾಡುವುದು ಸಂಕಟವನ್ನು ಹಗುರಗೊಳಿಸಿದಂತೆ ಎಂದು ಆಕ್ಷೇಪಿಸುವವರು ಈ ಇಬ್ಬರ ಬದುಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈ ಪ್ರಕಾರಕ್ಕೆ ಕಾಲದ ತೊಡಕೊಂದಿದೆ. ಹಾಸ್ಯ ಧಾರಾವಾಹಿಯಲ್ಲಿ ಪ್ರತಿ ಕಂತೂ ಮೊದಲಿನ ಸ್ಥಿತಿಗೇ ಮರಳಬೇಕು, ಯುದ್ಧವಾದರೋ ಮುಗಿಯಲೇಬೇಕು. ಕೊರಿಯಾ ಯುದ್ಧ ನಡೆದದ್ದು ಸುಮಾರು ಮೂರು ವರ್ಷ. ಅದರ ವೈದ್ಯರ ಕತೆ ಹೇಳಿದ 'ಮ್ಯಾಶ್' 1972ರಿಂದ 1983ರವರೆಗೆ ಓಡಿತು. ಶಸ್ತ್ರಚಿಕಿತ್ಸೆಯ ದೃಶ್ಯಗಳಲ್ಲಿ ಹಿನ್ನೆಲೆ ನಗುವಿನ ಸದ್ದನ್ನು ತೆಗೆದುಬಿಟ್ಟದ್ದು ಅದರ ದೊಡ್ಡ ತೀರ್ಮಾನ. 'ಬ್ಲ್ಯಾಕ್‌ಆ್ಯಡರ್ ಗೋಸ್ ಫೋರ್ತ್' (1989) ಆರೇ ಕಂತುಗಳಲ್ಲಿ ಮುಗಿಯಿತು. ಮೊದಲ ಮಹಾಯುದ್ಧದ ಕಂದಕದಲ್ಲಿ ಐದು ಕಂತು ತಪ್ಪಿಸಿಕೊಳ್ಳಲು ಹೆಣಗಿದವರು ಕೊನೆಯದರಲ್ಲಿ ಗುಂಡಿನ ಮಳೆಗೆ ಎದುರಾಗಿ ಮೇಲೇರುತ್ತಾರೆ. ಇಡೀ ಪ್ರಕಾರದಲ್ಲಿ ಇಷ್ಟು ಪ್ರಾಮಾಣಿಕವಾದ ಮುಕ್ತಾಯ ಇನ್ನೊಂದಿಲ್ಲ.

ಭಾರತದ ನೆಲದಲ್ಲಿ ನಡೆಯುವ ಪ್ರಸಿದ್ಧ ಉದಾಹರಣೆ ಬಿಬಿಸಿಯ 'ಇಟ್ ಏಂಟ್ ಹಾಫ್ ಹಾಟ್ ಮಮ್' (1974–1981). ಎರಡನೆಯ ಮಹಾಯುದ್ಧದ ಕೊನೆಯ ದಿನಗಳು, ನಾಸಿಕ ಜಿಲ್ಲೆಯ ದೇವಳಾಲಿಯ ಸೈನಿಕ ಶಿಬಿರ, ಹಾಡಿ ಕುಣಿದು ಪಡೆಯನ್ನು ರಂಜಿಸುವುದೇ ಕೆಲಸವಾದ ಒಂದು ತಂಡ. ಮುಂದೆ ಕತೆ ಬರ್ಮಾಕ್ಕೆ ಹೋಗುತ್ತದೆ. ಬರೆದವರು ಅದೇ ಪೆರ್ರಿ ಮತ್ತು ಡೇವಿಡ್ ಕ್ರಾಫ್ಟ್. ಇಬ್ಬರೂ ಭಾರತದಲ್ಲಿ ಸೈನ್ಯದಲ್ಲಿದ್ದವರು. ಪೆರ್ರಿ ದೇವಳಾಲಿಯ ರಂಜನಾ ತಂಡದಲ್ಲೇ ಇದ್ದರು. ಆದರೆ ಚಿತ್ರೀಕರಣ ನಡೆದದ್ದು ಇಂಗ್ಲೆಂಡಿನಲ್ಲಿ. ಬೇರರ್ ರಂಗಿರಾಮನ ಪಾತ್ರವನ್ನು ಮುಖಕ್ಕೆ ಕಂದುಬಣ್ಣ ಬಳಿದುಕೊಂಡು ಮಾಡಿದವರು ಮೈಕೇಲ್ ಬೇಟ್ಸ್. ಝಾನ್ಸಿಯಲ್ಲಿ ಹುಟ್ಟಿದ ಅವರಿಗೆ ಹಿಂದೂಸ್ತಾನಿ ಬರುತ್ತಿತ್ತು. ಅದರಿಂದ ಬಣ್ಣ ಬಳಿದ ತಪ್ಪು ಅಳಿಯುವುದಿಲ್ಲ. ಚಹಾ ತರುವವನಾಗಿ ದಿನೋ ಶಫೀಕ್, ಪಂಖಾ ಎಳೆಯುವವನಾಗಿ ಬಾಬರ್ ಭಟ್ಟಿ ನಟಿಸಿದರು. ಬಿಳಿಯರ ಪೆದ್ದುತನವನ್ನು ಮೂಲೆಯಲ್ಲಿ ಕೂತು ಸರಿಯಾಗಿ ಅಳೆಯುವವನು ಆ ಪಂಖಾದವನೇ. ಧಾರಾವಾಹಿಯ ಅತ್ಯುತ್ತಮ ಭಾಗವೂ ಅದೇ, ಅತಿ ಕಡಿಮೆ ಬೆಳೆಸಿದ ಭಾಗವೂ ಅದೇ. ಜನಾಂಗದ ಚಿತ್ರಣದ ಕಾರಣದಿಂದ ಬಿಬಿಸಿ ಇದರ ಮರುಪ್ರಸಾರವನ್ನು ಬಹುಕಾಲದಿಂದ ಬಿಟ್ಟಿದೆ.

ಕೊರತೆ ಬರೀ ಬಣ್ಣದ್ದಲ್ಲ. 'ಡ್ಯಾಡ್ಸ್ ಆರ್ಮಿ'ಯ ಊರಿಗೆ ಇದ್ದದ್ದು ಒಬ್ಬನೇ ಶತ್ರು. ಆಳಿಸಿಕೊಳ್ಳುತ್ತಿದ್ದ ನಾಡಿನಲ್ಲಿ ಯುದ್ಧ ಅಷ್ಟು ಸರಳವಾಗಿರಲಿಲ್ಲ, ಮತ್ತು ಅದನ್ನು ಕೋಲಾರದ ಚಿನ್ನದ ಗಣಿಗಳ ಸುತ್ತಲಿನ ನೆಲಕ್ಕಿಂತ ಸ್ಪಷ್ಟವಾಗಿ ತೋರಿಸುವ ಜಾಗ ಕರ್ನಾಟಕದಲ್ಲಿ ಕಡಿಮೆ. 1880ರಿಂದ ಗಣಿ ನಡೆಸಿದ್ದು ಜಾನ್ ಟೇಲರ್ ಕಂಪನಿ. ಅಧಿಕಾರಿಗಳಿಗೆ ಬಂಗಲೆ, ಕ್ಲಬ್ಬು, ಶಿವನಸಮುದ್ರದಿಂದ 1902ರಲ್ಲೇ ಬಂದ ಕರೆಂಟು, ಕಾರ್ಮಿಕರಿಗೆ ಸಾಲುಮನೆ. ಐರೋಪ್ಯರೂ ಆಂಗ್ಲೋ-ಇಂಡಿಯನ್ನರೂ ಅರೆಕಾಲಿಕ ಸೈನಿಕರಾಗಿ ಕವಾಯತು ಮಾಡುತ್ತಿದ್ದ ಸಹಾಯಕ ಸೇನೆಯಲ್ಲಿ ಕೋಲಾರ ಗೋಲ್ಡ್ ಫೀಲ್ಡ್ಸ್ ಬೆಟಾಲಿಯನ್ ಎಂಬ ಪಡೆಯೇ ಇತ್ತು. 'ಡ್ಯಾಡ್ಸ್ ಆರ್ಮಿ'ಗೆ ನಮ್ಮಲ್ಲಿ ಸಾಟಿ ಹುಡುಕುವವರು ನೋಡಬೇಕಾದದ್ದು ಇದನ್ನೇ. ಅಲ್ಲಿಂದ ಅನತಿ ದೂರದ ಕ್ಯಾಸಂಬಳ್ಳಿಯಲ್ಲಿ 1902ರಲ್ಲಿ ಹುಟ್ಟಿದ ಕೆ. ಚೆಂಗಲರಾಯ ರೆಡ್ಡಿಯವರು ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಮೈಸೂರು ಸಂಸ್ಥಾನದ ಕಾಂಗ್ರೆಸ್ ಚಳವಳಿಯ ಮುಂದಾಳಾಗಿದ್ದರು. 1947ರಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು. ಗಣಿಯೊಳಗೆ ಕಮ್ಯುನಿಸ್ಟ್ ನಾಯಕ ಕೆ.ಎಸ್. ವಾಸನ್ ಕಾರ್ಮಿಕರನ್ನು ಸಂಘಟಿಸುತ್ತಿದ್ದರು. ಮಹಾಯುದ್ಧ ಮುಗಿದ ಮರುವರ್ಷ, 1946ರ ನವೆಂಬರ್ 4ರಂದು, ಇಲ್ಲಿ ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಬಲಿಯಾದರು. ಒಂದೇ ತಾಲ್ಲೂಕಿನಲ್ಲಿ ರಾಜನಿಷ್ಠೆಯ ಕವಾಯತು, ಸ್ವಾತಂತ್ರ್ಯದ ಸಭೆ, ಕೂಲಿಯ ಹೋರಾಟ ಮೂರೂ ಇದ್ದಾಗ ಯಾರ ಕಡೆ ನಿಂತು ನಗಬೇಕು ಎಂಬುದು ನಿಜವಾದ ಪ್ರಶ್ನೆ. ಕ್ಲಬ್ಬಿನ ಒಳಗಿನಿಂದ ಬರೆದರೆ ಅದು ದೇವಳಾಲಿಯ ಕತೆಯೇ ಆಗುತ್ತದೆ. ಬೌರಿಂಗ್‌ಪೇಟೆ ಎಂದು ಕರೆಯುತ್ತಿದ್ದ ಬಂಗಾರಪೇಟೆಯಲ್ಲಿ ರೈಲಿಳಿದು, ತೆಲುಗು, ತಮಿಳು, ಕನ್ನಡ ಮೂರೂ ಕಲೆತ ಮಾತಾಡುತ್ತ ಗಣಿಯ ಕೆಲಸಕ್ಕೆ ಹೋಗುವವನ ಕಣ್ಣಿನಿಂದ ಬರೆದರೆ ಬೇರೆಯದೇ ನಗು ಹುಟ್ಟುತ್ತದೆ.

ಯುದ್ಧದ ದಿನಗಳಲ್ಲಿ ಕನ್ನಡದ ನಗೆ ಪುಸ್ತಕ ಪತ್ರಿಕೆಗಳಲ್ಲಿ ಬೆಳೆಯಿತು. ರಾಶಿ ಎಂದೇ ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ 'ಕೊರವಂಜಿ' ಹಾಸ್ಯ ಮಾಸಪತ್ರಿಕೆಯನ್ನು ಆರಂಭಿಸಿದರು. ಕ್ವಿಟ್ ಇಂಡಿಯಾ ಚಳವಳಿಯ ಅದೇ ವರ್ಷದಲ್ಲಿ ನಗೆಗೊಂದು ಪತ್ರಿಕೆ ಬೇಕೆಂದು ಒಬ್ಬ ವೈದ್ಯರಿಗೆ ಅನಿಸಿದ್ದು ಸಣ್ಣ ಸಂಗತಿಯಲ್ಲ. ನಾ. ಕಸ್ತೂರಿ ಅದಕ್ಕೆ ಬರೆದರು, ಎಳೆಯ ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದರು. ಪತ್ರಿಕೆ 1967ರವರೆಗೆ ನಡೆಯಿತು.

ಕನ್ನಡಿಗರು ಟೆಲಿವಿಷನ್ನಿಗೆ ಚರಿತ್ರೆಯನ್ನು ತಂದಾಗ ಹಾಸ್ಯ ಎರಡು ದಾರಿ ಹಿಡಿಯಿತು. ಟಿ.ಎಸ್. ನಾಗಾಭರಣರು ದೂರದರ್ಶನಕ್ಕಾಗಿ ಹಿಂದಿಯಲ್ಲಿ ಮಾಡಿದ 'ತೆನಾಲಿ ರಾಮ' ವಿಜಯನಗರದ ಆಸ್ಥಾನಕ್ಕೆ ಹೋಯಿತು. ಅಲ್ಲಿ ನಗು ಅರಸನ ಎದುರೇ ನಿಂತು ಮಾತಾಡುತ್ತದೆ. ಆರ್.ಕೆ. ನಾರಾಯಣರ ಕತೆಗಳನ್ನು ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಯುದ್ಧದ ಕತೆಯಲ್ಲ. ಆದರೂ ಆಳಿಸಿಕೊಂಡವರ ಕಡೆಯಿಂದ ನಗುವುದು ಹೇಗೆಂದು ಅದರಷ್ಟು ಚೆನ್ನಾಗಿ ತೋರಿಸಿದ್ದು ಬೇರೆ ಯಾವುದೂ ಇಲ್ಲ. ಅದರಲ್ಲಿ ಸೇರಿರುವ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯ ಸ್ವಾಮಿ 1930ರ ಚಳವಳಿಯ ಆವೇಶದಲ್ಲಿ ಶಾಲೆಯ ಗಾಜಿಗೆ ಕಲ್ಲು ತೂರುತ್ತಾನೆ, ಪರದೇಶದ ಬಟ್ಟೆಯೆಂದು ತನ್ನ ಟೋಪಿಯನ್ನು ಬೆಂಕಿಗೆ ಎಸೆಯುತ್ತಾನೆ. ಅದು ಖಾದಿ ಅಂಗಡಿಯಲ್ಲಿ ಕೊಂಡದ್ದೆಂದು ಅವನಿಗೆ ತಿಳಿಯುವುದು ಆಮೇಲೆ, ಅಪ್ಪನ ಬಾಯಿಂದ.