ಈರಣ್ಣನ ದನಿ ನಮ್ಮೂರಿಗೂ ಕೇಳುತ್ತಿತ್ತು

ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ನಿಲಯ ಶುರು ಮಾಡಿದರು. 1955ರಲ್ಲಿ ಅದು ಬೆಂಗಳೂರಿಗೆ ಹೋಯಿತು. ಮಡಕಶಿರ ಸೀಮೆಯ ನಮಗೆ ಬೆಂಗಳೂರೆಂದರೆ ರೇಡಿಯೋದ 612 ಕಿಲೋಹರ್ಟ್ಸ್. ಮಧ್ಯಮ ತರಂಗ ನೆಲ ಹಿಡಿದು ದೂರ ಸಾಗುತ್ತದೆ. ರಾಜ್ಯದ ಗಡಿ ಅದಕ್ಕೇನು ಗೊತ್ತು! ರಂಗಕರ್ಮಿ ಎ.ಎಸ್. ಮೂರ್ತಿಯವರನ್ನು ಕೇಳುಗರು ‘ಈರಣ್ಣ’ ಎಂದೇ ಬಲ್ಲರು. ದಿನವೆಲ್ಲ ತೆಲುಗಿನ ನಡುವೆ ಇರುವ ನಮ್ಮ ಮಕ್ಕಳಿಗೆ ಪಠ್ಯದಲ್ಲಿ ಸಿಗುವುದು ಬರಹದ ಕನ್ನಡ. ಆಡುವ ಕನ್ನಡಕ್ಕೆ ಇಂಥ ದನಿಗಳೇ ಆಸರೆ. ಮೂರ್ತಿಯವರು 2012ರಲ್ಲಿ ತೀರಿಕೊಂಡರು. ಕೇಳುಗರು ಎಫ್.ಎಂ.ಗೆ ಸರಿದರು. ಬೆಂಗಳೂರಿನ ಎಫ್.ಎಂ. ಹೊಸೂರಿಗೆ ಸಿಕ್ಕೀತು, ಇಷ್ಟು ದೂರ ಬರುವುದು ಕಷ್ಟ. ಈರಣ್ಣನ ಹಳೆಯ ಕ್ಯಾಸೆಟ್ ಯಾರಲ್ಲಾದರೂ ಇದ್ದರೆ ದಯವಿಟ್ಟು ನಿಮ್ಮೂರ ಶಾಲೆಗೆ ಕೊಡಿ.