ಹಾಜರಿ ಪುಸ್ತಕದ ಆಚೆಗಿನ ಮನೆ

"ಮಗು ಶಾಲೆಗೆ ಯಾಕೆ ಬಂದಿಲ್ಲ?" ಈ ಪ್ರಶ್ನೆಯನ್ನ ಗದರಿಸೋಕೂ ಕೇಳಬಹುದು, ನಿಜವಾಗ್ಲೂ ಕಾರಣ ತಿಳ್ಕೊಳ್ಳೋಕೂ ಕೇಳಬಹುದು. ಶಾಲಾ ಸಮಾಜ ಕಾರ್ಯಕರ್ತರು ಅನ್ನೋ ವೃತ್ತಿ ಹುಟ್ಟಿದ್ದೇ ಎರಡನೇ ರೀತಿ ಕೇಳೋಕೆ.

ಕತೆ ಶುರುವಾಗೋದು ಅಮೆರಿಕದಲ್ಲಿ. 1852ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಮಕ್ಕಳು ಶಾಲೆಗೆ ಬರಲೇಬೇಕು ಅಂತ ಕಾನೂನು ಮಾಡಿತು. 1918ರಲ್ಲಿ ಮಿಸಿಸಿಪಿಯೂ ಸೇರೋ ಹೊತ್ತಿಗೆ ಅಲ್ಲಿನ ಎಲ್ಲ ರಾಜ್ಯಗಳಲ್ಲೂ ಇಂಥ ಕಾನೂನಿತ್ತು. ಕಾನೂನಿನ ಜೊತೆಗೇ, ಶಾಲೆ ತಪ್ಪಿಸೋ ಮಕ್ಕಳನ್ನ ಹಿಡಿದು ತರೋ ಅಧಿಕಾರಿಯೂ ಬಂದ. ಮಗು ತರಗತಿಗೆ ವಾಪಸ್ ಬರ್ತಿತ್ತು. ತಡೆದಿದ್ದ ಕಾರಣ ಮಾತ್ರ ಮನೆಯಲ್ಲೇ ಉಳೀತಿತ್ತು.

ಆಗಿನ ನ್ಯೂಯಾರ್ಕ್ ನೆನೆಸಿಕೊಳ್ಳಿ. ಯುರೋಪಿನಿಂದ ಹಡಗು ಹತ್ತಿ ಬಂದ ಬಡ ಕುಟುಂಬಗಳು, ಕಿಷ್ಕಿಂಧೆಯಂಥ ಬಾಡಿಗೆ ಮನೆಗಳು. ಅಪ್ಪ ಅಮ್ಮನಿಗೆ ಇಂಗ್ಲಿಷ್ ಬಾರದು, ಟೀಚರಿಗೆ ಅವರ ಭಾಷೆ ಬಾರದು. ಇಂಥ ಬಡಾವಣೆಗಳಲ್ಲಿ ಜನರ ನಡುವೆಯೇ ಇದ್ದು ಕೆಲಸ ಮಾಡೋ 'ಸೆಟಲ್‌ಮೆಂಟ್ ಹೌಸ್' ಅನ್ನೋ ಸೇವಾಕೇಂದ್ರಗಳಿದ್ದವು. 1906ರಲ್ಲಿ ಹಾರ್ಟ್ಲಿ ಹೌಸ್, ಗ್ರೀನ್‌ವಿಚ್ ಹೌಸ್ ಕೇಂದ್ರಗಳು ಶಾಲೆಗೂ ಮನೆಗೂ ಓಡಾಡೋಕೆ ಇಬ್ಬರನ್ನ ಕಳಿಸಿದವು. ಮರುವರ್ಷ ಬಾಸ್ಟನ್, ಹಾರ್ಟ್‌ಫರ್ಡ್‌ನಲ್ಲೂ ಇಂಥದ್ದೇ ಕೆಲಸ ಶುರುವಾಯ್ತು. ಇವರನ್ನ 'ವಿಸಿಟಿಂಗ್ ಟೀಚರ್' ಅಂತ ಕರೆದರು. 1913ರಲ್ಲಿ ರೊಚೆಸ್ಟರ್ ನಗರದ ಶಿಕ್ಷಣ ಮಂಡಳಿ ತನ್ನದೇ ದುಡ್ಡಿನಲ್ಲಿ ಇಂಥವರನ್ನ ನೇಮಿಸಿಕೊಂಡಿತು. ಅಲ್ಲೀತನಕ ದಾನಿಗಳ ಸೇವೆಯಾಗಿದ್ದದ್ದು ಶಾಲೆಯ ಸ್ವಂತ ಜವಾಬ್ದಾರಿ ಆಯ್ತು.

ಅವರ ಕೆಲಸ ಒಂಥರಾ ದುಭಾಷಿಯದು. ಶಾಲೆ ಏನು ಬಯಸುತ್ತೆ ಅಂತ ಮನೆಗೆ ಹೇಳ್ಬೇಕು. ಮಗು ಎಂಥ ಮನೆಯಿಂದ ಬರುತ್ತೆ ಅಂತ ಶಾಲೆಗೂ ಹೇಳ್ಬೇಕು. 1921ರಲ್ಲಿ ಕಾಮನ್‌ವೆಲ್ತ್ ಫಂಡ್ ಅನ್ನೋ ಸಂಸ್ಥೆ 30 ಊರುಗಳಲ್ಲಿ ಇದನ್ನ ಪ್ರಯೋಗ ಮಾಡೋಕೆ ಮುಂದಾಯ್ತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಈ ಹುದ್ದೆಗಳಿಗೂ ಕತ್ತರಿ ಬಿತ್ತು. ಉಳಿದವರಲ್ಲಿ ಬಹಳಷ್ಟು ಜನ ಮಕ್ಕಳಿಗೆ ಊಟ, ಬಟ್ಟೆ ಹೊಂದಿಸೋದ್ರಲ್ಲೇ ಮುಳುಗಿಹೋದರು.

ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಇದೆಲ್ಲ ದೂರದ ಕತೆ ಅನ್ಸಲ್ಲ. ಕೊಯ್ಲಿಗೆ ಹೋದ ಹುಡುಗ, ತಮ್ಮನ್ನ ಎತ್ಕೊಂಡು ಮನೆಯಲ್ಲುಳಿದ ಅಕ್ಕ, ಅಪ್ಪ ಅಮ್ಮನ ಜೊತೆ ಗುಳೆ ಹೋದ ಮಗು: ಹಾಜರಿ ಪುಸ್ತಕದಲ್ಲಿ ಮೂವರಿಗೂ ಒಂದೇ ಗುರುತು. ನಾವು ಎರರ್ ಬಂದ್ರೆ ಲಾಗ್ ತೆಗೆದು ನೋಡ್ತೀವಿ, ಅಲ್ವಾ? ಈ ಮಕ್ಕಳ ಲಾಗ್ ಇರೋದು ಅವರ ಮನೆಯಲ್ಲಿ. ಯಾರಾದ್ರೂ ಅಲ್ಲಿಗೆ ನಡೆದು ಹೋಗಬೇಕು.

ಸಮಾಜಕಾರ್ಯದ ಶಿಕ್ಷಣ ನಮ್ಮಲ್ಲಿಗೆ ಬಂದು ಎಷ್ಟೋ ಕಾಲ ಆಯ್ತು. 1936ರಲ್ಲೇ ಕ್ಲಿಫರ್ಡ್ ಮ್ಯಾನ್ಶಾರ್ಟ್ ಎಂಬ ಅಮೆರಿಕನ್ನರ ನೇತೃತ್ವದಲ್ಲಿ ಬಾಂಬೆಯಲ್ಲಿ ಶುರುವಾದ ಶಾಲೆಯೇ ಇವತ್ತಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. ಕಡ್ಡಾಯ ಶಿಕ್ಷಣದ ಕಾನೂನು 2009ರಲ್ಲಿ ಬಂತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ಶಾಲೆಗಳಿಗೆ ಸಮಾಜ ಕಾರ್ಯಕರ್ತರ ನೆರವು ಬೇಕು ಅಂತ ಬರೆದೇ ಬಿಟ್ಟಿದೆ. ಆದ್ರೂ ಹಳ್ಳಿ ಕಡೆ ಇವತ್ತಿಗೂ ಮಕ್ಕಳನ್ನ ಹುಡುಕಿಕೊಂಡು ಮನೆ ಬಾಗಿಲಿಗೆ ಹೋಗೋರು ಹೆಚ್ಚಾಗಿ ಮೇಷ್ಟ್ರು, ಮೇಡಮ್ಮುಗಳೇ. ಅದೂ ಪಾಠ, ಬಿಸಿಯೂಟದ ಲೆಕ್ಕ, ಚುನಾವಣೆ ಡ್ಯೂಟಿ ಎಲ್ಲ ಮುಗಿಸಿ. ರೊಚೆಸ್ಟರ್‌ನವರು 1913ರಲ್ಲಿ ಆ ನಡಿಗೆಗೆ ಸಂಬಳ ಕೊಟ್ಟರು. ನಮ್ಮಲ್ಲಿ ಅದಿನ್ನೂ ಮೇಷ್ಟ್ರ ಒಳ್ಳೇತನದ ಖಾತೆಯಲ್ಲೇ ಇದೆ.